‘ರೇನ್ ಚೆಕ್’ ಅಂದರೆ ಬ್ಯಾಂಕಿನ ಚೆಕ್ ಅಲ್ಲ
ಆಫೀಸು ಗಿರಾಕಿಗಳ ಇಂಗ್ಲಿಷ್ ಬಗ್ಗೆ ನಾಲ್ಕು ಮಾತು



ಆಫೀಸುಗಳ ಹತ್ತಿರ ಹೊಟೇಲು ನಡೆಸುವ ನಮಗೆಲ್ಲ ಗೊತ್ತಿರುವ ವಿಷಯ, ಶುಕ್ರವಾರ ರಾತ್ರಿಯ ದೊಡ್ಡ ಟೇಬಲುಗಳು ಆಫೀಸಿನ ಹುಡುಗ ಹುಡುಗಿಯರದ್ದು. ಬರ್ತ್‌ಡೇ, ಪ್ರಮೋಷನ್, ಕೆಲಸ ಬಿಡುವವರ ಪಾರ್ಟಿ, ಏನಾದರೊಂದು ಇದ್ದೇ ಇರುತ್ತದೆ. ಆದರೆ ಅವರು ಆಡುವ ಇಂಗ್ಲಿಷ್ ನಾವು ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಲ್ಲ. ಅದು ತಿಳಿಯದೆ ನಾವು ಪೆಟ್ಟು ತಿಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ಒಂದು ಶುಕ್ರವಾರ 25 ಜನರ ಟೇಬಲ್ ಬುಕ್ ಆಗಿತ್ತು. ಮಧ್ಯಾಹ್ನ ಫೋನ್ ಬಂತು. ಕ್ಯಾಪ್ಟನ್ ತೆಗೆದುಕೊಂಡು, “ಸೇಠ್, ಅವರು ರೇನ್ ಚೆಕ್ ಅಂತ ಏನೋ ಹೇಳಿದರು. ದುಡ್ಡು ಚೆಕ್ಕಿನಲ್ಲಿ ಕೊಡ್ತಾರಂತ ಕಾಣ್ತದೆ” ಎಂದ. ಆಗಲಿ ಎಂದೆವು. ಗ್ರೇವಿ ತಯಾರಾಯಿತು, ಟೇಬಲು ಜೋಡಿಸಿದ್ದಾಯಿತು. ಎಂಟು ಹೊಡೆಯಿತು, ಒಂಬತ್ತು ಹೊಡೆಯಿತು, ಒಬ್ಬರೂ ಇಲ್ಲ. ಸಿಟ್ಟಿನಲ್ಲಿ ಫೋನ್ ಮಾಡಿ ಎರಡು ಮಾತು ಜೋರಾಗಿಯೇ ಆಡಿದೆವು. “ಮಧ್ಯಾಹ್ನವೇ ಹೇಳಿದ್ದೆವಲ್ಲ” ಎಂದು ಅವರು ಫೋನ್ ಇಟ್ಟರು. ಮತ್ತೆ ಆ ಗುಂಪು ನಮ್ಮ ಮೆಟ್ಟಿಲು ಹತ್ತಲಿಲ್ಲ. ಅಡುಗೆಯ ನಷ್ಟ ಒಂದು ದಿನದ್ದು, ಗಿರಾಕಿಯ ನಷ್ಟ ಹಾಗಲ್ಲ.

ಆಫೀಸಿಗೆ ಹೋಗುವ ಮಗಳು ಆ ರಾತ್ರಿ ಅರ್ಥ ಹೇಳಿದಳು. ಅಮೆರಿಕದ ಬೇಸ್‌ಬಾಲ್ ಆಟ ಮಳೆಯಿಂದ ನಿಂತರೆ, ಇನ್ನೊಂದು ದಿನ ಬಂದು ನೋಡಲು ಪ್ರೇಕ್ಷಕರಿಗೆ ಒಂದು ಚೀಟಿ ಕೊಡುತ್ತಿದ್ದರು. 1880ರ ದಶಕದಲ್ಲಿ ಶುರುವಾದ ಪದ್ಧತಿ ಇದು. ಆ ಚೀಟಿಯೇ ‘ರೇನ್ ಚೆಕ್’. ಈಗ ಅದರ ಅರ್ಥ, “ಇವತ್ತು ಆಗುವುದಿಲ್ಲ, ಮತ್ತೊಮ್ಮೆ ನೋಡೋಣ” ಎಂದು.

ಇಂಥ ಮಾತುಗಳು ಇನ್ನೂ ಇವೆ. ಫೋನ್ ತೆಗೆಯುವವರಿಗೆ ಗೊತ್ತಿರಬೇಕಾದ ಕೆಲವು:

ಕರೆಯುವಾಗ: ‘ಗ್ರಾಬ್ ಎ ಬೈಟ್’ ಅಂದರೆ ಕಿತ್ತುಕೊಳ್ಳುವುದಲ್ಲ, ಸ್ವಲ್ಪ ಏನಾದರೂ ತಿನ್ನೋಣ ಎಂದು. ‘ಆರ್ ಯು ಅಪ್ ಫಾರ್ ಡಿನ್ನರ್?’ ಅಂದರೆ ಊಟಕ್ಕೆ ಬರುತ್ತೀಯಾ ಎಂದು.

ಒಪ್ಪುವಾಗ: ‘ಐ ಆಮ್ ಇನ್’, ‘ಕೌಂಟ್ ಮಿ ಇನ್’ ಅಂದರೆ ನನ್ನನ್ನೂ ಸೇರಿಸಿಕೊಳ್ಳಿ. ‘ಐ ಆಮ್ ಡೌನ್’ ಕೂಡ ಒಪ್ಪಿಗೆಯೇ. ಆದರೆ ‘ಡೌನ್ ವಿತ್ ಫೀವರ್’ ಅಂದರೆ ಮಾತ್ರ ಜ್ವರ!

ನಿರಾಕರಿಸುವಾಗ: ‘ಐ ಕಾಂಟ್ ಮೇಕ್ ಇಟ್’, ‘ಐ ವಿಲ್ ಪಾಸ್’. ಎರಡೂ ಬರುವುದಿಲ್ಲ ಎಂದೇ ಅರ್ಥ.

ನಡುವಿನ ಮಾತು: ‘ಟೆಂಟೆಟಿವ್’, ‘ಐ ವಿಲ್ ಲೆಟ್ ಯು ನೋ’, ‘ಐ ವಿಲ್ ಟ್ರೈ’. ಜಾಗ್ರತೆ ಬೇಕಾದದ್ದು ಇಲ್ಲಿಯೇ. ಊರಿನಲ್ಲಿ ಮದುವೆಗೆ ಕರೆದರೆ “ಇಲ್ಲ” ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ, “ನೋಡುವ” ಎನ್ನುತ್ತಾರೆ. ಆ “ನೋಡುವ”ವನ್ನು ನಂಬಿ ಯಾರೂ ಎಲೆ ಲೆಕ್ಕ ಹಾಕುವುದಿಲ್ಲ. ಇದೂ ಹಾಗೆಯೇ.

ದುಡ್ಡಿನ ಮಾತು: ‘ಇಟ್ಸ್ ಆನ್ ಮಿ’ ಅಂದರೆ ಬಿಲ್ಲು ಒಬ್ಬರದೇ. ‘ಗೋಯಿಂಗ್ ಡಚ್’ ಅಂದರೆ ಅವರವರ ದುಡ್ಡು ಅವರವರದ್ದು. ಪುಣೆ, ಮುಂಬಯಿಯ ಹುಡುಗರು ಇದನ್ನೇ ಮರಾಠಿಯಲ್ಲಿ ‘ಟಿಟಿಎಂಎಂ’ ಎನ್ನುತ್ತಾರೆ, ನಿನ್ನದು ನೀನು, ನನ್ನದು ನಾನು. ಹೀಗೆ ಹೇಳಿದರೆ ಬಿಲ್ಲು ಒಂದೋ, ಬೇರೆ ಬೇರೆಯೋ ಎಂದು ಆರ್ಡರಿಗೆ ಮೊದಲೇ ಕೇಳಿಕೊಂಡರೆ ಗಲ್ಲಾದಲ್ಲಿ ಗದ್ದಲವಿಲ್ಲ.

ಈಗ ನಾವು ಮಾಡಿಕೊಂಡ ನಿಯಮ. ಸಂಶಯದ ಮಾತು ಬಂದರೆ ಕ್ಯಾಪ್ಟನ್ ಒಂದೇ ಪ್ರಶ್ನೆ ಕೇಳಬೇಕು: “ಸಾರ್, ಶಲ್ ಐ ಕೀಪ್ ದ ಟೇಬಲ್ ಆರ್ ಕ್ಯಾನ್ಸಲ್?” ಉತ್ತರವನ್ನು ಬುಕ್ಕಿನಲ್ಲಿ ಬರೆಯಬೇಕು. ದೊಡ್ಡ ಟೇಬಲಿಗೆ ಅದೇ ದಿನ ಮಧ್ಯಾಹ್ನ ನಾವೇ ಫೋನ್ ಮಾಡಿ ತಲೆ ಲೆಕ್ಕ ಕೇಳುತ್ತೇವೆ. ನಮ್ಮಲ್ಲಿ ಜಾಗವಿಲ್ಲದಾಗಲೂ ಬರೀ “ಫುಲ್” ಎನ್ನದೆ, “ಸಾರಿ ಸಾರ್, ಎಂಟಕ್ಕೆ ಜಾಗವಿಲ್ಲ, ಒಂಬತ್ತೂವರೆಗೆ ಬರುತ್ತೀರಾ?” ಎಂದು ಬೇರೆ ಸಮಯ ಹೇಳುತ್ತೇವೆ.

ಈ ಕೊನೆಯ ಪಾಠವೂ ಮಗಳದ್ದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಗಳು ಊಟಕ್ಕೆ ಕರೆದರೆ ನಾಚಿಕೆಯಿಂದ ಬರೀ “ನೋ” ಎನ್ನುತ್ತಿದ್ದಳಂತೆ. ತಿಂಗಳಲ್ಲಿ ಕರೆಯುವುದನ್ನೇ ಬಿಟ್ಟರು. ಆಮೇಲೆ ಕಲಿತಳು: ಮೊದಲು ಕರೆದದ್ದಕ್ಕೆ ಥ್ಯಾಂಕ್ಸ್, ಮತ್ತೆ ಚಿಕ್ಕ ಕಾರಣ, ಕೊನೆಗೆ ಇನ್ನೊಂದು ದಿನದ ಹೆಸರು. “ಥ್ಯಾಂಕ್ಸ್ ಫಾರ್ ಆಸ್ಕಿಂಗ್, ಇವತ್ತು ಮನೆಯಲ್ಲಿ ಕೆಲಸ, ಹೌ ಅಬೌಟ್ ಥರ್ಸ್‌ಡೇ?” ದಿನ ಹೇಳಿದರೆ ಮನಸ್ಸಿದೆ ಎಂದು ಅವರಿಗೆ ತಿಳಿಯುತ್ತದೆ. ಈಗ ಗುಂಪಿನಲ್ಲಿ ಅವಳೂ ಒಬ್ಬಳು.

ನಮ್ಮ ಮಕ್ಕಳು ಅನೇಕರು ಗಲ್ಲಾ ಬಿಟ್ಟು ಆಫೀಸು ಸೇರುತ್ತಿದ್ದಾರೆ. ಈ ಮಾತುಗಳನ್ನು ಅವರಿಂದ ಕೇಳಿ ಕಲಿಯಲು ನಮಗೆ ಸಂಕೋಚ ಬೇಡ. ಅರ್ಧ ಗಂಟೆ ಕ್ಯಾಪ್ಟನ್ನನ್ನೂ ಕ್ಯಾಶಿಯರನ್ನೂ ಜೊತೆಗೆ ಕೂರಿಸಿದರೆ ಸಾಕು. ನಾವು ಹಾಗೆಯೇ ಮಾಡಿದೆವು. ಆಮೇಲೆ ಇನ್ನೊಂದು ಆಫೀಸಿನವರು ‘ರೇನ್ ಚೆಕ್’ ಎಂದಾಗ ಕ್ಯಾಪ್ಟನ್ ನಗುತ್ತ, “ವಿಚ್ ಡೇ, ಸಾರ್?” ಎಂದು ಕೇಳಿದ. ಮುಂದಿನ ಶುಕ್ರವಾರ ಅವರು ಬಂದರು.