ಘಟಪ್ರಭೆಯ ದಂಡೆಯ ಗುಡಿಗಳಿಗೆ ಅವಸರ ಬೇಡ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹತ್ತರಗಿ ಬಂತೆಂದರೆ ಬಹಳಷ್ಟು ಗಾಡಿಗಳು ಟೋಲ್ ಕಟ್ಟಿ ಮುಂದಕ್ಕೆ ಓಡುತ್ತವೆ. ಹಿಡಕಲ್, ಗೋಕಾಕದ ಕಡೆ ಹೊರಳಿದವರೂ ಗುಡಿಗಳನ್ನು ನಿಂತ ಕಾಲಲ್ಲೇ ನೋಡಿ ಮುಗಿಸುತ್ತಾರೆ.

ತಪ್ಪು ಕಲ್ಪನೆ: ಗೋಕಾಕ ಫಾಲ್ಸ್ ಅಂದರೆ ನೀರು ಮತ್ತು ತೂಗುಸೇತುವೆ.

ವಾಸ್ತವ: ಸುಮಾರು 52 ಮೀಟರ್ ಧುಮುಕುವ ನೀರಿನಿಂದ 1887ರಲ್ಲೇ ಇಲ್ಲಿ ವಿದ್ಯುತ್ ತಯಾರಾಯಿತು, ಗಿರಣಿ ನಡೆಯಿತು. ಅದಕ್ಕೂ ನೂರಾರು ವರ್ಷ ಮೊದಲಿನದು ಘಟಪ್ರಭಾ ನದಿ ದಂಡೆಯ ಮಹಾಲಿಂಗೇಶ್ವರ ಗುಡಿ, ಚಾಲುಕ್ಯ ಶೈಲಿಯದು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಇಂಥ ಗುಡಿಗಳಲ್ಲಿ ಮಂಟಪದಿಂದ ಗರ್ಭಗುಡಿಗೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ. ಕಣ್ಣು ಆ ಕತ್ತಲಿಗೆ ಪಳಗಬೇಕು. ಆಮೇಲೆ ಕಂಬ, ಬಾಗಿಲವಾಡ, ಕೊನೆಗೆ ದೀಪದ ಬೆಳಕಿನಲ್ಲಿ ಲಿಂಗ ಒಂದೊಂದಾಗಿ ತೋರುತ್ತವೆ. ಬಂದ ಕಾಲಲ್ಲೇ ತಿರುಗಿದವರು ನಿಜಕ್ಕೂ ಆ ಗುಡಿ ನೋಡಿರುವುದಿಲ್ಲ.

ತಪ್ಪು ಕಲ್ಪನೆ: ಕೈ ಮುಗಿದರೆ ದರ್ಶನ ಮುಗಿಯಿತು.

ವಾಸ್ತವ: ದರ್ಶನವಾದ ಮೇಲೆ ಕಟ್ಟೆಯ ಮೇಲೆ ತುಸು ಹೊತ್ತು ಕೂತು ಏಳುವುದು ನಮ್ಮ ಹಿರಿಯರ ರೂಢಿ. ಶಿವನ ಗುಡಿಯಲ್ಲಂತೂ ಅಭಿಷೇಕದ ನೀರು ಹರಿಯುವ ಸೋಮಸೂತ್ರವನ್ನು ದಾಟದೆ ಬಂದ ದಾರಿಯಲ್ಲೇ ಹಿಂದಿರುಗುವ ಸಂಪ್ರದಾಯವಿದೆ. ಅವಸರದಲ್ಲಿ ಸುತ್ತುವವರಿಗೆ ಅದು ಗಮನಕ್ಕೇ ಬರುವುದಿಲ್ಲ.

ತಪ್ಪು ಕಲ್ಪನೆ: ಮಂತ್ರ, ಪೂಜಾವಿಧಿ ಗೊತ್ತಿರಬೇಕು.

ವಾಸ್ತವ: ಬೇಕಿಲ್ಲ. ಚಪ್ಪಲಿ ಹೊರಗಿರಲಿ, ಮೊಬೈಲ್ ಕಿಸೆಯಲ್ಲಿರಲಿ.

ತಪ್ಪು ಕಲ್ಪನೆ: ಮುಳುಗಿದ ಗುಡಿಯಲ್ಲಿ ನೋಡಲು ಏನಿದೆ?

ವಾಸ್ತವ: ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಹಳ್ಳಿಗಳ ಜೊತೆ ಹುನ್ನೂರಿನ ವಿಠ್ಠಲ ಮಂದಿರವನ್ನೂ ಒಳಗೆ ತೆಗೆದುಕೊಂಡಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮಂದಿರ ಮತ್ತೆ ಮೇಲೆದ್ದು ನಿಲ್ಲುತ್ತದೆ, ಜನ ನೋಡಲು ಬರುತ್ತಾರೆ. ನನ್ನ ಮಟ್ಟಿಗೆ ಈ ಭಾಗದಲ್ಲಿ ಮನಸ್ಸನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸುವ ಗುಡಿ ಇದೇ. ಹೊಲಗಳಿಗೆ ನೀರು ಬರಲೆಂದು ಒಂದು ಊರು ತನ್ನ ದೇವರ ಮನೆಯನ್ನೇ ಬಿಟ್ಟುಕೊಟ್ಟ ಜಾಗವದು. ಅಲ್ಲಿ ಸೆಲ್ಫಿ ತೆಗೆದು ಓಡಿಬರುವುದು ಸರಿಯಲ್ಲ. ಆ ಗೋಡೆಗಳ ಮುಂದೆ ಒಂದಿಷ್ಟು ಸುಮ್ಮನೆ ನಿಲ್ಲಬೇಕು.

ಗೋಕಾಕ, ಹುನ್ನೂರು ಎರಡಕ್ಕೂ ಒಂದೇ ದಿನ ಹೊಂದಿಸಲು ಹೋಗಬೇಡಿ. ಗೋಕಾಕದ ಜಲಪಾತ ಮಳೆಗಾಲದಲ್ಲಿ ತುಂಬಿ ಬೀಳುತ್ತದೆ; ಆಗ ದಂಡೆಯ ಬಂಡೆಗಳು ಜಾರುತ್ತವೆ, ಅಂಚಿಗೆ ಹೋಗಬೇಡಿ. ಹುನ್ನೂರಿನ ಗುಡಿಗೆ ಬೇಸಿಗೆಯಲ್ಲಿ, ಜಲಾಶಯದ ನೀರಿನ ಮಟ್ಟ ವಿಚಾರಿಸಿಕೊಂಡೇ ಹೊರಡಿ.