ತಾಳೆಯಾದರೆ ಸಾಕೆ?

ಕಾಮರ್ಸ್ ಹುಡುಗನಿಗೆ ವಿಜ್ಞಾನ ಯಾಕೆ ಅಂತ ಮಿತ್ರರು ಕೇಳಬಹುದು. ಕಳೆದ ವರ್ಷ ನನ್ನ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿ ಕೂಡಿತ್ತು. ಆದರೂ ಲೆಕ್ಕ ತಪ್ಪು! ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ಗುರುತ್ವ ತರಂಗ ಹುಡುಕುವವರಿಗೂ ಇದೇ ಭಯ ಉಂಟು ಎಂದು ಓದಿದಾಗ ಕುತೂಹಲ ಹುಟ್ಟಿತು.

ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದಾಗ ದೇಶಕಾಲವೇ ಅಲುಗಿ ತರಂಗ ಹೊರಡುತ್ತದೆ. ಅಮೆರಿಕದ ಲೈಗೊ ಶೋಧಕದ 4 ಕಿಲೋಮೀಟರ್ ಉದ್ದದ ತೋಳು ಅದರಿಂದ ಅಲುಗುವುದು ಪ್ರೋಟಾನಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಗಾಳಿ, ರೈಲು, ದೂರದ ಭೂಕಂಪ ಎಲ್ಲವೂ ಅದಕ್ಕಿಂತ ಜೋರು. ಹಾಗಾದರೆ ನಿಜವನ್ನು ಗುರುತಿಸುವುದು ಹೇಗೆ?

ಮೊದಲನೆಯದು ರೂಪ. ಸಂಜೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಎಷ್ಟೇ ಗದ್ದಲವಿರಲಿ, ಯಾರಾದರೂ ‘ಏ ಮಾರಾಯಾ’ ಅಂದರೆ ಕಿವಿ ಆ ಕಡೆ ತಿರುಗ್ತದೆ. ದನಿ ದೊಡ್ಡದಲ್ಲ, ಪರಿಚಯದ್ದು. ಹಾಗೆಯೇ ಅಲೆಯ ನಮೂನೆಗಳನ್ನು ಮೊದಲೇ ಲೆಕ್ಕ ಹಾಕಿಟ್ಟು ದಾಖಲೆಗೆ ಹೊಂದಿಸಿ ನೋಡ್ತಾರೆ. ಯಾವ ನಮೂನೆಗಳನ್ನು ಆರಿಸಬೇಕೆಂದು ಬಿ. ಎಸ್. ಸತ್ಯಪ್ರಕಾಶ್ ಮತ್ತು ಸಂಜೀವ ಧುರಂಧರ್ 1991ರಲ್ಲೇ ಪ್ರಬಂಧ ಬರೆದರು. ಕೆಣಕಿದ ಕಪ್ಪುಕುಳಿ ಗಂಟೆಯಂತೆ ಮಿಡಿದು ಅಡಗುತ್ತದೆಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ.

ಎರಡನೆಯದು ತಾಳೆ. ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್ ಎಂಬ ಎರಡು ಕಡೆ ಶೋಧಕಗಳಿವೆ. ನಡುವಿನ ದೂರ 3000 ಕಿಲೋಮೀಟರ್. ತರಂಗಕ್ಕೆ ಬೆಳಕಿನ ವೇಗ. ಆದ್ದರಿಂದ ನಿಜವಾದದ್ದು 10 ಮಿಲಿಸೆಕೆಂಡಿನೊಳಗೆ ಎರಡೂ ಕಡೆ ಕಾಣಬೇಕು. ಕ್ಯಾಶ್‌ಬುಕ್ಕನ್ನು ಪಾಸ್‌ಬುಕ್ಕಿಗೆ ತಾಳೆ ನೋಡಿದ ಹಾಗೆ.

ಆದರೆ ಎರಡು ಗದ್ದಲಗಳು ಆಕಸ್ಮಿಕವಾಗಿ ತಾಳೆಯಾದರೆ? ನನ್ನ ಲೆಕ್ಕದಲ್ಲಿ ಆದದ್ದೂ ಅದೇ ತಾನೇ! ಇಲ್ಲಿ ಒಂದು ಜಾಣತನ ಉಂಟು. ಒಂದು ಶೋಧಕದ ದಾಖಲೆಯನ್ನು ಬೇಕೆಂದೇ ಹಿಂದೆ ಮುಂದೆ ಸರಿಸ್ತಾರೆ. ಈಗ ನಿಜವಾದ ತರಂಗ ಎರಡರಲ್ಲೂ ಒಟ್ಟಿಗೆ ಸಿಗುವಂತಿಲ್ಲ. ಸಿಕ್ಕಿದ ತಾಳೆಯೆಲ್ಲ ಬರೀ ಆಕಸ್ಮಿಕ. ಹೀಗೆ ಲಕ್ಷಾಂತರ ಸಲ ಸರಿಸಿ, ಸುಳ್ಳು ತಾಳೆ ಎಷ್ಟು ಅಪರೂಪ ಎಂದು ಎಣಿಸ್ತಾರೆ.

2015ರ ಸೆಪ್ಟೆಂಬರ್ 14ರಂದು ಸಂಕೇತವೊಂದು ಲಿವಿಂಗ್‌ಸ್ಟನ್‌ಗೆ ಬಂದು, ಸುಮಾರು 7 ಮಿಲಿಸೆಕೆಂಡಿನ ಮೇಲೆ ಹ್ಯಾನ್‌ಫರ್ಡ್ ತಲುಪಿತು. ಅಂಥದ್ದು ಆಕಸ್ಮಿಕವಾಗಿ ಬರುವುದು 2 ಲಕ್ಷ ವರ್ಷಕ್ಕೊಮ್ಮೆಗಿಂತಲೂ ಅಪರೂಪ ಎಂದು ಲೆಕ್ಕ ಸಿಕ್ಕಿತು. ಆದರೂ ಐದು ತಿಂಗಳು ಪರಿಶೀಲಿಸಿ, 2016ರ ಫೆಬ್ರವರಿ 11ರಂದೇ ಲೋಕಕ್ಕೆ ಸಾರಿದರು. 2010ರಲ್ಲಿ ಪರೀಕ್ಷೆಗೆಂದೇ ಗುಟ್ಟಾಗಿ ಸೇರಿಸಿದ ನಕಲಿ ಸಂಕೇತ ಅವರಿಗೆ ತಾಳ್ಮೆ ಕಲಿಸಿತ್ತು.

ನಮ್ಮ ರಾಜ್ಯದ ಹಿಂಗೋಲಿ ಜಿಲ್ಲೆಯಲ್ಲೂ ಲೈಗೊ ಶೋಧಕ ಕಟ್ಟಲು 2023ರಲ್ಲಿ ಕೇಂದ್ರ ಸರಕಾರ 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಮುನ್ಸಿಪಲ್ ಕನ್ನಡ ಶಾಲೆಯಿಂದ ಬಂದ ನಾನು ಕಲಿತದ್ದಿಷ್ಟು: ಲೆಕ್ಕ ಕೂಡಿದ ಕೂಡಲೇ ಪೆನ್ನು ಮುಚ್ಚಬಾರದು. ಇದು ಸುಳ್ಳಾಗಿದ್ದರೂ ಹೀಗೇ ಕೂಡುತ್ತಿತ್ತೇ ಅಂತ ಒಮ್ಮೆ ಕೇಳಿಕೊಳ್ಳಬೇಕು.