ಮನೆಯಲ್ಲೇ ಚೀಸ್ ಬೇಗಲ್: ಹಿಟ್ಟು, ಉಪ್ಪು, ಹುಳಿ ನಿಮ್ಮ ಕೈಯಲ್ಲಿರಲಿ

ಶಾಲೆಯಿಂದ ಬಂದ ಮಕ್ಕಳು ಬ್ಯಾಗ್ ಇಳಿಸುವ ಮೊದಲೇ ಕೇಳುವುದು ಒಂದೇ ಮಾತು: ತಿನ್ನಲು ಏನಿದೆ? ಮೊದಲೆಲ್ಲ ಬೆಳಗಿನ ರೊಟ್ಟಿಯೋ ಚಹಾದ ಜೊತೆ ಬನ್ನೋ ಸಾಕಾಗುತ್ತಿತ್ತು. ಈಗ ಅದರ ಮೇಲೆ ಚೀಸ್ ಇರಬೇಕು. ಮೈಸೂರಿಗೆ ಹೋಗಿ ಬಂದ ಮಕ್ಕಳು, ಬೆಂಗಳೂರಿನಲ್ಲಿ ಓದುವ ಅಣ್ಣಂದಿರು, ಗಲ್ಫಿನಿಂದ ರಜೆಗೆ ಬರುವ ಮಾಮೂಗಳು ಈ ರುಚಿಯನ್ನು ನಮ್ಮ ತಿ. ನರಸೀಪುರ, ನಂಜನಗೂಡಿನ ಮನೆಗಳಿಗೂ ತಂದಿದ್ದಾರೆ. ದವಾಖಾನೆಗೆ ಬರುವ ತಾಯಂದಿರು ನನ್ನನ್ನು ಕೇಳುತ್ತಾರೆ: "ಡಾಕ್ಟ್ರೇ, ಮಕ್ಕಳಿಗೆ ಚೀಸ್ ಕೊಡಬಹುದಾ?"

ಕೊಡಬಹುದು. ಆದರೆ ಎಷ್ಟು ಕೊಡುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು. ಹೊರಗಿನಿಂದ ತಂದ ಚೀಸ್ ಬನ್ನಿನಲ್ಲಿ ಎಷ್ಟು ಉಪ್ಪಿದೆ, ಯಾವ ಎಣ್ಣೆ ಇದೆ, ಮೇಲಿರುವುದು ನಿಜವಾಗಿ ಹಾಲಿನ ಚೀಸೇ ಎಂದು ನೋಡಿ ಹೇಳಲು ಸಾಧ್ಯವಿಲ್ಲ. ಅದನ್ನೇ ಮನೆಯಲ್ಲಿ ಮಾಡಿದರೆ ಎಲ್ಲದರ ಅಳತೆ ನಿಮ್ಮ ಚಮಚದಲ್ಲಿರುತ್ತದೆ. ಇಂತಹ ತಿಂಡಿಗಳಲ್ಲಿ ಮನೆಯಲ್ಲಿ ಮಾಡಲು ಒಳ್ಳೆಯದು ಬೇಗಲ್. ಅದಕ್ಕೆ ಬೆಣ್ಣೆ, ವನಸ್ಪತಿ, ಮೊಟ್ಟೆ ಯಾವುದೂ ಬೇಕಿಲ್ಲ.

ಬೇಗಲ್ ಎಂದರೇನು?

ಬೇಗಲ್ ನೋಡಲು ನಮ್ಮ ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ರೊಟ್ಟಿ. ಹುಳಿ ಬಂದ ಹಿಟ್ಟನ್ನು ಬಳೆಯ ಆಕಾರಕ್ಕೆ ತಂದು, ಮೊದಲು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ, ಆಮೇಲೆ ಒಣ ಶಾಖದಲ್ಲಿ ಸುಡುತ್ತಾರೆ. ಇದು ಪೋಲೆಂಡ್ ಕಡೆಯ ಯಹೂದಿ ಕುಟುಂಬಗಳ ರೊಟ್ಟಿ. ಕ್ರಾಕೋವ್ ನಗರದ ಯಹೂದಿ ಸಮುದಾಯದ 1610ರ ಕಟ್ಟಳೆಗಳಲ್ಲಿ ಇದರ ಹೆಸರಿದೆ. ವಲಸೆ ಹೋದವರ ಜೊತೆ ಅಮೆರಿಕ ಸೇರಿ ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಬಳೆಯಾಕಾರದ ರೊಟ್ಟಿ ಮುಸ್ಲಿಂ ನಾಡುಗಳಿಗೂ ಹೊಸದಲ್ಲ. ಅರಬ್ ದೇಶಗಳಲ್ಲಿ ಎಳ್ಳು ಹಚ್ಚಿದ ಕಅಕ್, ತುರ್ಕಿಯಲ್ಲಿ ಸಿಮಿತ್ ಇವೆ.

ನೀರಿನಲ್ಲಿ ಏಕೆ ಬೇಯಿಸಬೇಕು? ಬಿಸಿನೀರು ತಾಗಿದೊಡನೆ ಹೊರಗಿನ ಹಿಟ್ಟಿನ ಪಿಷ್ಟ ಗಂಜಿಯಂತಾಗಿ ಒಂದು ಪದರ ಕಟ್ಟುತ್ತದೆ. ಆಮೇಲೆ ಸುಡುವಾಗ ರೊಟ್ಟಿ ಬನ್ನಿನಂತೆ ಅತಿಯಾಗಿ ಉಬ್ಬುವುದಿಲ್ಲ. ಹೊರಗೆ ಹೊಳಪು, ಒಳಗೆ ಬಿಗಿ. ಬಿಗಿಯಾದ ರೊಟ್ಟಿಯನ್ನು ಜಗಿದೇ ತಿನ್ನಬೇಕಾಗುತ್ತದೆ. ನಿಧಾನವಾಗಿ ಜಗಿದು ತಿಂದವರಿಗೆ ಹೊಟ್ಟೆ ತುಂಬಿದ್ದು ಬೇಗ ತಿಳಿಯುತ್ತದೆ.

ಯೂನಾನಿ ವೈದ್ಯ ಏನು ಹೇಳುತ್ತದೆ?

ನಮ್ಮ ವೈದ್ಯದಲ್ಲಿ ರೊಟ್ಟಿಯನ್ನು ಎರಡಾಗಿ ನೋಡುತ್ತಾರೆ. ಹುಳಿ ಬಂದದ್ದು ಖಮೀರಿ, ಹುಳಿ ಬಾರದ್ದು ಫತೀರಿ. ಚೆನ್ನಾಗಿ ನಾದಿ, ಹದವಾಗಿ ಹುಳಿ ಬರಿಸಿ, ಪೂರ್ತಿ ಬೇಯಿಸಿದ ರೊಟ್ಟಿ ಸುಲಭವಾಗಿ ಪಚನವಾಗುತ್ತದೆ ಎಂಬುದು ಹಳೆಯ ಹಕೀಮರ ಮಾತು. ಇಂದಿನ ವಿಜ್ಞಾನ ಇದಕ್ಕೆ ಇನ್ನೊಂದನ್ನು ಸೇರಿಸಿದೆ. ಗೋಧಿಯ ತೌಡಿನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಹಿಟ್ಟು ಹುಳಿಯುವಾಗ ಈ ಫೈಟೇಟ್ ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿರುವ ಮನೆಗೆ ಇದು ಮುಖ್ಯ. ಅಂಥವರು ಈ ರೊಟ್ಟಿಯ ಜೊತೆಗೇ ಚಹಾ ಕುಡಿಯಬಾರದು. ಚಹಾ ಕೂಡ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆಯ ಅಂತರವಿರಲಿ.

ಚೀಸಿನಲ್ಲೂ ಎರಡು ಬಗೆ. ಉಪ್ಪಿಲ್ಲದ ತಾಜಾ ಪನೀರಿನ ಮಿಜಾಜ್ ಸರ್ದ್-ತರ್, ಅಂದರೆ ತಂಪು ಮತ್ತು ತೇವ. ಉಪ್ಪು ಸೇರಿ ಹಳೆಯದಾದ ಚೀಸ್ ಗರ್ಮ್-ಖುಷ್ಕ್, ಅಂದರೆ ಉಷ್ಣ ಮತ್ತು ಒಣ. ಅದು ಬಾಯಾರಿಕೆ ತರುತ್ತದೆ, ನಿಧಾನವಾಗಿ ಪಚನವಾಗುತ್ತದೆ. ಹಾಗಾಗಿ ಇದರ ಜೊತೆ ಒಂದು ಮುಸ್ಲಿಹ್, ಅಂದರೆ ಭಾರವನ್ನು ತಿದ್ದುವ ಪದಾರ್ಥ, ಬಳಸುವ ರೂಢಿ ಇದೆ. ಓಮ, ಜೀರಿಗೆ, ಕಾಳುಮೆಣಸು, ಕಲೌಂಜಿ ಯಾವುದಾದರೂ ಆದೀತು.

ಚೀಸ್ ಕೊಳ್ಳುವಾಗ ಪ್ಯಾಕೆಟ್ ಓದಿ

ಮೊದಲು ಪದಾರ್ಥಗಳ ಪಟ್ಟಿ ನೋಡಿ. ಅದರಲ್ಲಿ ತಾಳೆ ಎಣ್ಣೆಯೋ ಬೇರೆ ಸಸ್ಯಜನ್ಯ ಎಣ್ಣೆಯೋ ಇದ್ದರೆ ಅದು ಚೀಸಿನ ಬದಲಿ, ಚೀಸ್ ಅಲ್ಲ. ಪ್ಯಾಕೆಟ್ ಮೇಲೆ 'ಅನಲಾಗ್' ಎಂಬ ಪದ ಸಣ್ಣ ಅಕ್ಷರದಲ್ಲಿರಬಹುದು. ಕರಗಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಕಣ್ಣನ್ನು ನಂಬಬೇಡಿ, ಪಟ್ಟಿಯನ್ನು ನಂಬಿ.

ಎರಡನೆಯದು, ನಮ್ಮ ಮನೆಗಳಲ್ಲಿ ಸಹಜವಾಗಿ ಏಳುವ ಹಲಾಲಿನ ಪ್ರಶ್ನೆ. ಹಾಲನ್ನು ಗಟ್ಟಿ ಮಾಡಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಹಿಂದಿನಿಂದಲೂ ಇದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಕೆಯಲ್ಲಿದೆ. ಭಾರತದಲ್ಲಿ ಮಾರುವ ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ, ಹಾಲಿನ ಪದಾರ್ಥ ಬಿಟ್ಟು ಪ್ರಾಣಿಯಿಂದ ಬಂದ ಬೇರೇನೂ ಅದರಲ್ಲಿಲ್ಲ ಎಂದರ್ಥ. ವಿದೇಶದಿಂದ ನೆಂಟರು ತಂದ ಚೀಸಿಗೆ ಈ ಗುರುತು ಇರುವುದಿಲ್ಲ. ಅದರಲ್ಲಿ ಹಲಾಲ್ ಮುದ್ರೆಯನ್ನೋ ರೆನೆಟ್ ಯಾವ ಬಗೆಯದೆಂಬ ವಿವರವನ್ನೋ ನೋಡಿ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ.

ಮೂರನೆಯದು ಸೋಡಿಯಂ. ಇದರ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು (8 ಬೇಗಲ್‌ಗೆ)

ಮೈದಾ 300 ಗ್ರಾಂ, ಗೋಧಿ ಹಿಟ್ಟು 200 ಗ್ರಾಂ
ಒಣ ಈಸ್ಟ್ 5 ಗ್ರಾಂ, ಅಂದರೆ ಒಂದೂವರೆ ಟೀ ಚಮಚ
ಉಪ್ಪು 6 ಗ್ರಾಂ, ಅಂದರೆ ಒಂದು ಟೀ ಚಮಚ
ಬೆಲ್ಲದ ಪುಡಿ ಒಂದು ದೊಡ್ಡ ಚಮಚ, ಕುದಿಸುವ ನೀರಿಗೆ ಇನ್ನೊಂದು
ಉಗುರುಬೆಚ್ಚಗಿನ ನೀರು ಸುಮಾರು 300 ಮಿಲಿಲೀಟರ್
ತುರಿದ ಚೀಸ್ 120 ಗ್ರಾಂ
ಓಮ ಅರ್ಧ ಟೀ ಚಮಚ, ಮೇಲೆ ಉದುರಿಸಲು ಎಳ್ಳು ಅಥವಾ ಕಲೌಂಜಿ

ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಿದರೆ ರೊಟ್ಟಿ ಗಟ್ಟಿಯಾಗಿ ಮಕ್ಕಳು ಪಕ್ಕಕ್ಕಿಡುತ್ತಾರೆ. ಮೊದಲ ಸಲ ಈ ಅಳತೆಯಲ್ಲಿ ಮಾಡಿ, ಮುಂದೆ ಸ್ವಲ್ಪ ಸ್ವಲ್ಪವಾಗಿ ಗೋಧಿ ಹೆಚ್ಚಿಸಿ. ರಾಗಿ ಹಿಟ್ಟನ್ನೂ ಎರಡು ದೊಡ್ಡ ಚಮಚದಷ್ಟು ಸೇರಿಸಬಹುದು. ರಾಗಿಯಲ್ಲಿ ಹಿಟ್ಟನ್ನು ಎಳೆದು ಹಿಡಿಯುವ ಅಂಟು ಇಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚು ಬೇಡ.

ಮಾಡುವ ಬಗೆ

ಬೆಚ್ಚಗಿನ ನೀರಿಗೆ ಬೆಲ್ಲ, ಈಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೀರು ಹಸುಗೂಸಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿದ್ದರೆ ಸಾಕು, ಸುಡುವ ನೀರಿನಲ್ಲಿ ಈಸ್ಟ್ ಸಾಯುತ್ತದೆ. ಮೇಲೆ ನೊರೆ ಬಾರದಿದ್ದರೆ ಆ ಈಸ್ಟ್ ಹಳೆಯದು, ಹಿಟ್ಟು ಕೆಡಿಸದೆ ಬೇರೆ ತನ್ನಿ.

ಹಿಟ್ಟು, ಉಪ್ಪು, ಓಮ ಸೇರಿಸಿ, ಈ ನೀರನ್ನು ಹಾಕುತ್ತಾ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಹತ್ತು ನಿಮಿಷ ಬಿಡದೆ ನಾದಿ. ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟಾಗುವವರೆಗೆ ಬಿಡಿ. ನಮ್ಮ ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಸಾಕು, ಮಳೆ-ಚಳಿಯ ದಿನಗಳಲ್ಲಿ ಒಂದೂವರೆ ಗಂಟೆ ಬೇಕಾದೀತು. ಬೆಳಿಗ್ಗೆ ಟಿಫಿನ್ ಡಬ್ಬಿಗೆ ಬೇಕಿದ್ದರೆ ಈಸ್ಟ್ ಅರ್ಧಕ್ಕಿಳಿಸಿ, ಇಶಾ ನಮಾಝಿನ ನಂತರ ಕಲಸಿ ಫ್ರಿಜ್ಜಿನಲ್ಲಿಡಿ, ಫಜ್ರ್ ಆದ ಮೇಲೆ ಮುಂದಿನ ಕೆಲಸ ಮಾಡಿ. ನಿಧಾನವಾಗಿ ಹುಳಿ ಬಂದ ಹಿಟ್ಟಿಗೆ ರುಚಿಯೂ ಹೆಚ್ಚು.

ಹಿಟ್ಟನ್ನು ಎಂಟು ಉಂಡೆ ಮಾಡಿ. ನಡುವೆ ಬೆರಳಿನಿಂದ ತೂತು ಮಾಡಿ, ಎರಡು ಬೆರಳು ಸಲೀಸಾಗಿ ತೂರುವಷ್ಟು ಅಗಲಿಸಿ. ಸಣ್ಣ ತೂತು ಬೇಯುವಾಗ ಮುಚ್ಚಿಹೋಗುತ್ತದೆ. ಹದಿನೈದು ನಿಮಿಷ ಹಾಗೇ ಬಿಡಿ.

ಅಗಲ ಪಾತ್ರೆಯಲ್ಲಿ ಎರಡು ಲೀಟರ್ ನೀರಿಗೆ ಉಳಿದ ಬೆಲ್ಲ ಹಾಕಿ ಕುದಿಸಿ. ಬೆಲ್ಲ ಬಣ್ಣಕ್ಕಾಗಿ. ಬೇಗಲ್‌ಗಳನ್ನು ಎರಡೆರಡಾಗಿ ಬಿಟ್ಟು, ಒಂದೊಂದು ಬದಿಗೂ ಒಂದು ನಿಮಿಷದಂತೆ ಬೇಯಿಸಿ, ಜಾಲರಿಯಲ್ಲಿ ತೆಗೆದು ನೀರು ಬಸಿಯಿರಿ. ಎಳ್ಳು ಉದುರಿಸಿ.

ಓವನ್ ಇದ್ದರೆ ಮೊದಲೇ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 12 ನಿಮಿಷ ಸುಡಿ. ಹೊರತೆಗೆದು ಒಂದೊಂದರ ಮೇಲೂ 15 ಗ್ರಾಂ ಚೀಸ್ ಹರಡಿ, ಮತ್ತೆ ಎಂಟು ಹತ್ತು ನಿಮಿಷ ಇಡಿ. ಚೀಸನ್ನು ಮೊದಲೇ ಹಾಕಿದರೆ ರೊಟ್ಟಿ ಬೇಯುವ ಮುಂಚೆ ಅದು ಕಪ್ಪಾಗುತ್ತದೆ.

ಓವನ್ ಇಲ್ಲದ ಮನೆಗೆ

ದಮ್ ಹಾಕಲು ಬಲ್ಲ ಮನೆಗೆ ಓವನ್ ಇಲ್ಲವೆಂಬ ಕೊರತೆ ಬೇಡ. ದಪ್ಪ ತಳದ ಹಳೆಯ ದೇಗ್ಚಿಯಲ್ಲಿ ಒಂದು ಪದರ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತಟ್ಟೆಗೆ ಎಣ್ಣೆ ಸವರಿ ಎರಡು ಮೂರು ಬೇಗಲ್ ಇಟ್ಟು, ಸಣ್ಣ ಉರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ. ನಡುವೆ ಒಮ್ಮೆ ತಿರುವಿ, ಕೊನೆಯ ಎಂಟು ನಿಮಿಷಕ್ಕೆ ಚೀಸ್ ಹಾಕಿ. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದಾಗಿ ಕಾಯಿಸಬೇಡಿ.

ಮೇಲ್ಭಾಗ ಕೆಂಪಾಗಬೇಕಿದ್ದರೆ ಬಿರಿಯಾನಿಗೆ ಮಾಡುವಂತೆ ಮುಚ್ಚಳದ ಮೇಲೆ ಕೆಂಡ ಇಡಬಹುದು. ಆದರೆ ಅದು ಅಂಗಳದಲ್ಲಿ ಮಾಡುವ ಕೆಲಸ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣಕ್ಕೇ ಅಪಾಯ.

ಶುಚಿತ್ವದ ನಾಲ್ಕು ಮಾತು

ಒಂದು, ಹಿಟ್ಟು ನಾದುವ ಮೊದಲು ಉಂಗುರ ತೆಗೆದಿಟ್ಟು ಸೋಪಿನಿಂದ ಕೈ ತೊಳೆಯಿರಿ.

ಎರಡು, ಮಾಂಸ ಕತ್ತರಿಸಿದ ಹಲಗೆ, ಚಾಕುವನ್ನು ಚೀಸಿಗೆ ಬಳಸಬೇಡಿ. ಚೀಸ್ ಮೇಲೆ ಬೀಳುವ ಶಾಖ ಕೆಲವೇ ನಿಮಿಷದ್ದು.

ಮೂರು, ಹಸಿ ಹಿಟ್ಟನ್ನು ಮಕ್ಕಳ ಬಾಯಿಗೆ ಬಿಡಬೇಡಿ. ಹಿಟ್ಟು ಬೇಯಿಸಿ ತಿನ್ನುವ ವಸ್ತು, ಹಸಿಯದರಲ್ಲಿ ಭೇದಿ ತರುವ ರೋಗಾಣುಗಳಿರಬಹುದು.

ನಾಲ್ಕು, ಒಡೆದ ಚೀಸ್ ಪ್ಯಾಕೆಟ್ಟನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ತುರಿದ ಚೀಸಿಗೆ ಬೂಷ್ಟು ಬಂದರೆ ಅಷ್ಟು ಭಾಗ ತೆಗೆದು ಉಳಿದದ್ದನ್ನು ಬಳಸಬೇಡಿ, ಪೂರ್ತಿ ಎಸೆಯಿರಿ. ದೀರ್ಘ ಹೊತ್ತು ಕರೆಂಟ್ ಹೋಗಿ ಮೆತ್ತಗಾಗಿ ಹುಳಿ ವಾಸನೆ ಬಂದದ್ದೂ ಬೇಡ.

ಯಾರು, ಎಷ್ಟು?

ಈಗ ಲೆಕ್ಕಕ್ಕೆ ಬರೋಣ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಪ್ಯಾಕೆಟ್ ಮೇಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಅಳತೆ ಸಿಗುತ್ತದೆ. 100 ಗ್ರಾಂ ಚೀಸಿನಲ್ಲಿ 1400 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು ಮೂರೂವರೆ ಗ್ರಾಂ ಉಪ್ಪು. ನಮ್ಮ 15 ಗ್ರಾಂ ಚೀಸಿನ ಪಾಲು ಅರ್ಧ ಗ್ರಾಂ, ಹಿಟ್ಟಿನಲ್ಲಿರುವುದು ಮುಕ್ಕಾಲು ಗ್ರಾಂ. ಒಂದು ಬೇಗಲ್‌ಗೆ ಒಟ್ಟು ಒಂದೂಕಾಲು ಗ್ರಾಂ, ಅಂದರೆ ದೊಡ್ಡವರ ದಿನದ ಪಾಲಿನ ಕಾಲು ಭಾಗ. ರುಚಿಗೆಂದು ಚೀಸ್ ಎರಡರಷ್ಟು ಮಾಡಿದರೆ ಈ ಲೆಕ್ಕವೂ ಏರುತ್ತದೆ. ಮನೆಯಲ್ಲಿ ಬ್ಲಡ್ ಪ್ರೆಶರ್ ಇರುವವರಿದ್ದರೆ ಅವರ ಪಾಲಿಗೆ ಅರ್ಧ ಚೀಸ್, ಅರ್ಧ ಉಪ್ಪಿಲ್ಲದ ಪನೀರ್ ಬೆರೆಸಿ. ಅದರ ಜೊತೆ ಉಪ್ಪಿನಕಾಯಿ, ಹಪ್ಪಳ ಬೇಡ.

ಒಂದು ಬೇಗಲ್‌ನಲ್ಲಿರುವ ಹಿಟ್ಟು 62 ಗ್ರಾಂ, ಎರಡು ಎರಡೂವರೆ ಚಪಾತಿಯಷ್ಟು. ಸಕ್ಕರೆ ಕಾಯಿಲೆ ಇರುವವರು ಇದನ್ನು ಚಹಾದ ಜೊತೆಯ ತಿಂಡಿ ಎಂದುಕೊಳ್ಳಬಾರದು, ಊಟದ ಬದಲಿಗೆ ಎಂದು ಎಣಿಸಬೇಕು. ಅರ್ಧ ಬೇಗಲ್, ಜೊತೆಗೆ ಬೇಯಿಸಿದ ಮೊಟ್ಟೆ, ಸೌತೆಕಾಯಿ, ಟೊಮ್ಯಾಟೊ ಇದ್ದರೆ ಒಂದು ಹೊತ್ತಿಗೆ ಸಾಕು.

ಸಣ್ಣ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ಚಿಕ್ಕ ಚೂರು ಮಾಡಿ ಕೊಡಿ. ಬಿಗಿಯಾದ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ರಮಝಾನಿನಲ್ಲಿ ಸಹರಿಗೆ ಬೇಡ, ಉಪ್ಪಿನ ಚೀಸ್ ಹಗಲಿಡೀ ನೀರಡಿಕೆ ತರುತ್ತದೆ. ಇಫ್ತಾರ್ ಆಗಿ ನೀರು, ಹಣ್ಣು ಸೇವಿಸಿದ ಮೇಲೆ ತಿನ್ನಬಹುದು.

ಬೇಗಲನ್ನು ಬಿಸಿ ಬಿಸಿಯಾಗಿ ಕೊಡಬೇಡಿ, ಅರ್ಧ ಗಂಟೆ ಆರಲು ಬಿಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ತವಾ ಮೇಲೆ ಬಿಸಿ ಮಾಡಿ ಮುಗಿಸಿ. ವಾರಕ್ಕೆ ಒಂದು ದಿನ ಸಾಕು. ಆ ದಿನ ಉಂಡೆ ಕಟ್ಟಿ ತೂತು ಮಾಡುವ ಕೆಲಸವನ್ನು ಮಕ್ಕಳಿಗೇ ಬಿಡಿ, ಚೀಸನ್ನು ಅವರ ಕಣ್ಣೆದುರೇ ತೂಗಿ ಹಾಕಿ. ಹದಿನೈದು ಗ್ರಾಂ ಎಷ್ಟಿರುತ್ತದೆ ಎಂದು ಒಮ್ಮೆ ನೋಡಿದ ಮಗು, ಅಂಗಡಿಯ ಬನ್ನಿನ ಮೇಲೆ ಎಷ್ಟಿದೆ ಎಂಬುದನ್ನೂ ತಾನೇ ಅಂದಾಜು ಮಾಡುತ್ತದೆ.